ಹಿಂದಿನ ಸೀಟು ಖಾಲಿ ಇರುವ ವಿಮಾನ

ಬೈಲಹೊಂಗಲ
೧೪ ನವೆಂಬರ್ ೨೦೨೫

ಪ್ರೀತಿಯ ಮಗಳು ಸ್ನೇಹಲ್‌ಗೆ ಅಪ್ಪನ ಜೈಭೀಮ.

ನಾವಿಬ್ಬರೂ ಆರಾಮ ಇದ್ದೇವೆ. ನೀನೂ ಹಾಗೇ ಇರುವೆ ಎಂದು ನಂಬಿದ್ದೇವೆ ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಹಾಗೆ ನಂಬಿ ಕೂರಲು ಆಗುವುದಿಲ್ಲ, ಆದ್ದರಿಂದ ಆರಾಮ ಇದ್ದೀಯೋ ಇಲ್ಲವೋ ತಪ್ಪದೆ ತಿಳಿಸು. ಪತ್ರ ತಡವಾಯಿತು, ಬೈಯಬೇಡ. ಕಬ್ಬಿನ ಹಂಗಾಮು ಶುರುವಾಗಿದೆ. ಟ್ರೇಲರಿನ ಹಿಂದೆ ಕೆಂಪು ರೇಡಿಯಂ ಪಟ್ಟಿ ಇಲ್ಲದಿದ್ದರೆ ಪೊಲೀಸರು ಬಿಡುವುದಿಲ್ಲ, ಹೀಗಾಗಿ ಮುರಗೋಡ, ಚಚಡಿ ಕಡೆಯ ಟ್ರ್ಯಾಕ್ಟರುಗಳೆಲ್ಲ ನಮ್ಮ ಸ್ಟಿಕ್ಕರ್ ಅಂಗಡಿಯ ಮುಂದೆಯೇ ಸಾಲು ಹಿಡಿದಿವೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡ. ವಾಯುಪಡೆಯ ತರಬೇತಿಯ ನಡುವೆ ನೀನು ವಾರಕ್ಕೊಮ್ಮೆ ಸಿಗುವುದು ಹತ್ತು ನಿಮಿಷ, ಅದರಲ್ಲಿ ಒಂಬತ್ತು ನಿನ್ನ ತಾಯಿಯ ಪಾಲು.

ಮೊದಲು ನೀನು ಕಳಿಸಿದ ಪ್ಲಾಸ್ಟಿಕ್ ವಿಮಾನದ ಸುದ್ದಿ. "ನಾ ಹಾರಸೋ ಜಾತೀದ ಐತಿ ಅಪ್ಪಾ, ಜೋಡಿಸ್ಕೋತ ಕುಂದರು, ನನ್ನ ಚಿಂತಿ ಮರೀತೀ" ಎಂದು ಹೇಳಿ ಕಳಿಸಿದ್ದೆಯಲ್ಲ, ಅದು. ನಿಜದ ವಿಮಾನದ ಇಪ್ಪತ್ನಾಲ್ಕರಲ್ಲಿ ಒಂದು ಪಾಲು ಎಂದು ಡಬ್ಬಿಯ ಮೇಲೆ ಬರೆದಿತ್ತು. ಇರಲಿ ಬಿಡು, ಅಂಗೈಯಷ್ಟಿದ್ದೀತು ಎಂದುಕೊಂಡರೆ ಮೊಳಕ್ಕಿಂತ ಉದ್ದ ಬಂತು. ಒಂದೊಂದು ತುಣುಕನ್ನೂ ಉಗುರು ಕತ್ತರಿಯಿಂದ ಬಿಡಿಸಿ, ಪಾಲಿಶ್ ಪೇಪರಿನಿಂದ ಅಂಚು ತಿಕ್ಕಿ ಅಂಟಿಸಲು ಮೂರು ತಿಂಗಳು ಹಿಡಿಯಿತು. ರೆಕ್ಕೆಗಳು ಮೈಗೆ ಕೂಡುವಲ್ಲಿನ ಬಿರುಕು ತುಂಬಿ ಸಾಪು ಮಾಡುವುದಕ್ಕೇ ಹದಿನೈದು ದಿನ. ಬಣ್ಣ ಹೊಡೆದದ್ದು ಪಕ್ಕದ ಅಂಗಡಿಯ ಬುರಾನಸಾಬ. "ಟ್ರ್ಯಾಕ್ಟರ್ ಬಾನೆಟ್ಟಿಗೆ ಒಂದ ತಾಸ ಸಾಕ. ಈ ಗುಬ್ಬಿಗೆ ಮೂರ ದಿನ ಹಿಡೀತಲ್ಲ ಕಾಡಪ್ಪಣ್ಣ!" ಎಂದು ಬೈಯುತ್ತಲೇ ಎಷ್ಟು ತೆಳ್ಳಗೆ ಹೊಡೆದಿದ್ದಾನೆಂದರೆ, ವಿಮಾನದ ಮೈಮೇಲಿನ, ಕೂದಲಿನಷ್ಟು ಸಣ್ಣ ಗೀರೂ ಮುಚ್ಚಿಲ್ಲ. ಆ ಗೀರುಗಳಿಗೆ ನಾನು ನೀರಾದ ಕಪ್ಪು ಬಣ್ಣ ಬಿಟ್ಟು ಅರಿವೆಯಿಂದ ಒರೆಸಿದೆ. ಈಗ ಪ್ರತಿಯೊಂದು ತಗಡೂ ಬೇರೆ ಬೇರೆ ಕಾಣುತ್ತದೆ.

ಆದರೆ ಚಿಂತೆ ಮರೆಯುತ್ತೀ ಎಂದು ನೀನು ಹೇಳಿದ್ದು ಮಾತ್ರ ಶುದ್ಧ ಸುಳ್ಳು. ಮೊದಲು ನನಗಿದ್ದುದು ಒಂದೇ ಭಯ, ವಿಮಾನ ಬೀಳುತ್ತದೆ ಎಂದು. ನೂರಾ ನಲವತ್ತು ತುಣುಕು ಕೈಯಾರೆ ಅಂಟಿಸಿದ ಮೇಲೆ ನೂರಾ ನಲವತ್ತು ಭಯವಾಗಿದೆ. ಗಾಲಿಯ ಕಾಲು ಜೋಡಿಸಿದ ದಿನ, ಇದು ಮಡಚಿದ್ದು ಬಿಚ್ಚದಿದ್ದರೆ? ಎನಿಸಿತು. ಇಂಜಿನ್ನಿನ ಬಾಯಿ ಜೋಡಿಸಿದ ದಿನ, ಇದರೊಳಗೆ ಒಂದು ಹದ್ದು ಹೊಕ್ಕರೆ? ಗಾಜಿನ ಮುಚ್ಚಳದ ಮೇಲೆ ಹಾವಿನಂತೆ ಸುತ್ತಿದ ಬಿಳಿ ಗೆರೆ ಇತ್ತು. ಅದೇನು ಎಂದು ನಿನ್ನನ್ನು ಕೇಳಿದೆ. ನೀನು ನಗುತ್ತಾ, "ಅದು ಮದ್ದಿನ ದಾರ ಅಪ್ಪಾ. ಸೀಟು ಸಮೇತ ಹೊರಗ ಜಿಗೀಬೇಕಾದ್ರ ಮೊದಲ ಗಾಜು ಒಡೀತೈತಿ" ಎಂದೆ. ನನ್ನ ಮಗಳ ತಲೆಯಿಂದ ಒಂದು ಗೇಣು ಮೇಲೆ ಮದ್ದು.

ಅದರಲ್ಲಿ ಎರಡು ಪೈಲಟ್ ಗೊಂಬೆಗಳಿದ್ದವು. ಮುಂದೆ ನೀನು, ಹಿಂದೆ ಕಲಿಸುವ ಸಾಹೇಬರು. ಇಬ್ಬರನ್ನೂ ಕೂರಿಸಿ ಬೆಲ್ಟು ಕಟ್ಟಿದ್ದೆ. ಹಿಂದಿನವನ ಮುಖಕ್ಕೆ ಸ್ವಲ್ಪ ಮೀಸೆಯನ್ನೂ ಬರೆದಿದ್ದೆ, ಜವಾಬ್ದಾರಿಯ ಮನುಷ್ಯನಂತೆ ಕಾಣಲಿ ಎಂದು. ಹೋದ ತಿಂಗಳು ನೀನು, "ಡಿಸೆಂಬರಿನ್ಯಾಗ ನಾ ಒಬ್ಬಾಕೀನ ಹಾರಸತೇನಿ, ಹಿಂದ ಸರ್ ಇರೂದಿಲ್ಲ" ಎಂದೆ. ನಿನ್ನ ದನಿಯಲ್ಲಿ ಎಷ್ಟು ಖುಷಿ ಇತ್ತು! ನಾನೂ "ಶಾಬಾಶ್" ಎಂದೆ. ಮರುದಿನ ಹಿಂದಿನ ಗೊಂಬೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆದೆ. ನಿಜ ಇದ್ದ ಹಾಗೆ ಇರಬೇಕಲ್ಲ. ಅಂದಿನಿಂದ ಆ ಖಾಲಿ ಸೀಟನ್ನು ನೋಡುವುದಕ್ಕೆ ಆಗುತ್ತಿಲ್ಲ. ಅಂಗಡಿಯಲ್ಲಿ ಗಿರಾಕಿ ನಿಂತಿರುತ್ತಾನೆ, ನನ್ನ ಕಣ್ಣು ಅಲ್ಲೇ ಹೋಗುತ್ತದೆ.

ಇನ್ನು ಹೇಳಬೇಕಾದದ್ದು ನಂಬರಿನ ವಿಷಯ. ಇದರ ಸ್ಟಿಕ್ಕರ್ ನಮ್ಮ ರೇಡಿಯಂನಂತಲ್ಲ. ಮೂವತ್ತು ವರ್ಷದ ಸ್ಟಿಕ್ಕರ್ ಮನುಷ್ಯ ನಾನು, ಡಬ್ಬಿಯ ಸೂಚನೆ ಓದದೆಯೇ ಒಣಗಿದ್ದನ್ನೇ ಉಗುರಿನಿಂದ ಕಿತ್ತೆ. ಸೀಟಿನ ಪಕ್ಕದ ಕೆಂಪು ಅಪಾಯದ ಗುರುತು ಚಿಂದಿಯಾಯಿತು. ಆಮೇಲೆ ಗೊತ್ತಾಯಿತು, ನೀರಿನಲ್ಲಿ ನೆನೆಸಿ ಜಾರಿಸಬೇಕಂತೆ. ಕುಂಚದ ತುದಿಯಿಂದ ಒಂದೊಂದನ್ನೇ ಜಾರಿಸುತ್ತಾ, ನೀನು ಮೊದಲ ಸಲ ಕುಳಿತ ವಿಮಾನದ ನಂಬರನ್ನೇ ಬಾಲದ ಹತ್ತಿರ ಹಾಕಿದೆ. ಕೊನೆಯ ಅಂಕಿ ಮಾತ್ರ ಬಿಟ್ಟೆ.

ಯಾಕೆಂದು ನಿನಗೆ ಗೊತ್ತು. ಹೊಸ ಗಾಡಿಯ ನಂಬರಿನ ಕೊನೆಯ ಅಂಕಿಯನ್ನು ನಮ್ಮ ಅಂಗಡಿಯಲ್ಲಿ ನಾನು ಒತ್ತುವುದಿಲ್ಲ, ಓಡಿಸುವವನ ಹೆಬ್ಬೆರಳಿನಿಂದಲೇ ಒತ್ತಿಸುತ್ತೇನೆ. ನಿಜ ಹೇಳಬೇಕೆಂದರೆ ಅದು ಗಿರಾಕಿ ಖುಷಿಯಾಗಲಿ ಎಂದು ನಾನೇ ಹುಟ್ಟಿಸಿದ ಪದ್ಧತಿ. ಶಕುನ, ಗಳಿಗೆ ಎಲ್ಲ ಸುಳ್ಳು ಎಂದು ಬುದ್ಧವಿಹಾರದಲ್ಲಿ ನಿಂತು ಭಾಷಣ ಮಾಡುವವನು, ಅಂಗಡಿಯಲ್ಲಿ ಇದೊಂದು ಇಟ್ಟುಕೊಂಡಿದ್ದೆ. ಆದರೆ ಎರಡು ವರ್ಷದ ಹಿಂದೆ ಸಿರಸಂಗಿಯವರ ಟ್ರ್ಯಾಕ್ಟರಿಗೆ ಓಡಿಸುವ ಹುಡುಗ ಬಂದಿರಲಿಲ್ಲ, ಅವನ ಅಣ್ಣ ಒತ್ತಿದ. ಹದಿನೈದು ದಿನಕ್ಕೆ ಟ್ರೇಲರ್ ಪಲ್ಟಿಯಾಗಿ ಹುಡುಗನ ಕಾಲು ಹೋಯಿತು. ಕಬ್ಬು ಹೆಚ್ಚು ಹೇರಿದ್ದರು, ಅದಕ್ಕೇ ಆದದ್ದು. ನನಗೆ ಗೊತ್ತಿದೆ. ಗೊತ್ತಿದ್ದರೂ ಅವತ್ತಿನಿಂದ ಬೇರೆಯವರ ಕೈಯಿಂದ ಒತ್ತಿಸಿಲ್ಲ.

ನಿನ್ನ ವಿಮಾನದ ಕೊನೆಯ ಅಂಕಿ ಏಳನ್ನು, ನೀನು ಜನವರಿಯಲ್ಲಿ ರಜೆಗೆ ಬಂದಾಗ ನಿನ್ನ ಬೆರಳಿನಿಂದಲೇ ಒತ್ತಿಸಬೇಕೆಂದಿದ್ದೆ. ಒಬ್ಬಳೇ ಹಾರಿ, ಇಳಿದು, ಮನೆಗೆ ಬಂದು ಒತ್ತಬೇಕು. ಅಲ್ಲಿಯವರೆಗೆ ಅದು ಮುಗಿಯುವುದಿಲ್ಲ, ಅಲ್ಲಿಯವರೆಗೆ ನಿನಗೇನೂ ಆಗುವುದಿಲ್ಲ ಎಂದು ನನ್ನಷ್ಟಕ್ಕೆ ಒಂದು ಲೆಕ್ಕ ಹಾಕಿಕೊಂಡಿದ್ದೆ. ನಗಬೇಡ.

ಹೋದ ಭಾನುವಾರ ನಾನು ಬೆಳವಡಿಗೆ ಹೋಗಿದ್ದೆ. ಬರುವಷ್ಟರಲ್ಲಿ ನಿನ್ನ ತಾಯಿ ಆ ಏಳನ್ನು ನೆನೆಸಿ, ಜಾರಿಸಿ, ಸೆರಗಿನಿಂದ ಒತ್ತಿ ಕೂರಿಸಿ, ಫೋಟೋ ಸಹ ತೆಗೆದಿದ್ದಳು. ನಿನಗೆ ಕಳಿಸಿ, ಹಾರುವ ಮೊದಲು ಧೈರ್ಯ ತುಂಬಬೇಕೆಂದು. ನಾನು ಕೂಗಾಡಿದೆ. ಅವಳು ಅಷ್ಟೇ ಜೋರಾಗಿ, "ಅದು ಗಿರಾಕಿ ಗಾಡಿಗೆ ಮಾಡೂದರಿ! ನಾ ಆಕೀನ ಹಡದಾಕಿ. ನಾ ಒತ್ತಿದ್ರ ಆಕಿ ಒತ್ತಿದಂಗ ಅಲ್ಲೇನು?" ಎಂದಳು. ಆಮೇಲೆ ನನ್ನ ಮುಖ ನೋಡಿ ಅವಳಿಗೂ ಹೆದರಿಕೆ ಹತ್ತಿತು. ಸಿರಸಂಗಿ ಹುಡುಗನ ಸಂಗತಿ ಅವಳಿಗೂ ಗೊತ್ತು. ನಾನು ಅಂಕಿಯನ್ನು ಉಗುರಿನಿಂದ ಎಬ್ಬಿಸಲು ಹೋದೆ. ರೇಡಿಯಂ ಆಗಿದ್ದರೆ ಬಿಸಿ ಗಾಳಿ ಹಿಡಿದು ತೆಗೆಯುತ್ತಿದ್ದೆ. ಇದು ಹರಿಯಿತು. ಅರ್ಧ ಏಳು ಉಳಿದಿದೆ.

ಬುರಾನಸಾಬನಿಗೆ ಹೇಳಿದೆ. ಅವನು ನಗಲಿಲ್ಲ. "ನಿನ್ನ ಮಗಳು ಹಾರಸೂದು ಕಬ್ಬಿಣದ ಇಮಾನ, ಇದನ್ನಲ್ಲ. ಆಕೀ ಕೈ ಮ್ಯಾಲ ನಿನಗ ಭರೋಸಾ ಐತೋ ಇಲ್ಲೋ, ಅದನ್ನ ಹೇಳು" ಎಂದ. ನಾನು ಇದೆ ಎಂದೆ. ಅದು ಪೂರ್ತಿ ನಿಜವಲ್ಲ, ಮಗಳೇ. ನಿನ್ನ ಕೈ ಮೇಲೆ ಇದೆ. ಆಕಾಶದ ಮೇಲೆ ಇಲ್ಲ, ಇಂಜಿನ್ನಿನ ಮೇಲೆ ಇಲ್ಲ. ಭಯಕ್ಕೆ ಬುದ್ಧಿ ಹೇಳಿದರೆ ಅದು ಕೇಳುವುದಿಲ್ಲ ಎಂದು ಈ ವಯಸ್ಸಿನಲ್ಲಿ ಕಲಿತೆ. ಇನ್ನು ಮೇಲೆ ವಿಹಾರದಲ್ಲಿ ಶಕುನದ ಬಗ್ಗೆ ಭಾಷಣ ಬೇರೆ ಯಾರಾದರೂ ಮಾಡಲಿ.

ಊಟ ಬಿಡಬೇಡ. ನಿನ್ನ ತಾಯಿ ಶೇಂಗಾ ಚಟ್ನಿ, ಕರದಂಟು ಕಟ್ಟಿಟ್ಟಿದ್ದಾಳೆ, ಪಾರ್ಸೆಲ್ ಮಾಡುತ್ತೇನೆ. ಮೇಲೆ ಹೋದಷ್ಟೇ ಸಲ ಮರಳಿ ನೆಲಕ್ಕೆ ಬಾ, ಇದೇ ನಮ್ಮಿಬ್ಬರ ಆಶೀರ್ವಾದ. ಬೇರೆ ಏನೂ ಕೇಳುವುದಿಲ್ಲ.

ನಿನ್ನ ಅಪ್ಪ,
ಕಾಡಪ್ಪ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಂಕಿ ಹರಿದ ಮರುದಿನ, ಸೋಮವಾರ, ನಾನು ನಿಮ್ಮ ದೊಡ್ಡ ಸಾಹೇಬರ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿದೆ. ನನಗೆ ಬರುವಷ್ಟು ಹಿಂದಿಯಲ್ಲಿ, ದುಂಡಗೆ ಬರೆದೆ. ನನ್ನ ಮಗಳಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು, ಅದನ್ನು ಮುಚ್ಚಿಟ್ಟು ನಿಮ್ಮ ಆಯ್ಕೆಗೆ ಕಳಿಸಿದೆವು, ಅವಳನ್ನು ಒಬ್ಬಳೇ ಹಾರಲು ಬಿಡಬೇಡಿ ಎಂದು. ಮಂಗಳವಾರ ಅದನ್ನು ವಾಪಸ್ ಪಡೆಯಲು ಬಾಗಿಲು ತೆರೆಯುವ ಮೊದಲೇ ಅಂಚೆ ಕಚೇರಿಯ ಮುಂದೆ ನಿಂತಿದ್ದೆ. "ನಿನ್ನೀನ ಚೀಲ ಹೋತಲ್ರಿ ಕಾಡಪ್ಪನವರ" ಎಂದರು. ಬೇರೆ ಯಾರಾದರೂ ಬರೆದಿದ್ದರೆ ಅವರು ನಂಬುತ್ತಿರಲಿಲ್ಲ. ತಂದೆಯೇ ಬರೆದಿದ್ದಾನೆ, ನಂಬುತ್ತಾರೆ. ನಿನ್ನ ತಾಯಿಗೆ ಇನ್ನೂ ಹೇಳಿಲ್ಲ.

ಅದು ಸುಳ್ಳು. ನಿನಗೆ ಫಿಟ್ಸ್ ಒಂದು ಸಲವೂ ಬಂದಿಲ್ಲ. ಇಷ್ಟನ್ನು ನಾನು ಎಚ್ಚರದಲ್ಲಿದ್ದು, ನನ್ನ ಕೈಯಿಂದಲೇ ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದೇನೆ. ಈ ಹಾಳೆಯನ್ನು ಸಾಹೇಬರಿಗೆ ತೋರಿಸು. ಅವರಿಗೆ ಕನ್ನಡ ಬರಲಿಕ್ಕಿಲ್ಲ, ನಿನ್ನ ಅಪ್ಪನ ಸುಳ್ಳನ್ನು ನೀನೇ ಅವರೆದುರು ಓದಿ ಹೇಳಬೇಕಾಗುತ್ತದೆ. ನೀನು ತೋರಿಸದೆ ಹರಿದು ಹಾಕಿದರೆ ನೆಲದ ಮೇಲೇ ಉಳಿಯುತ್ತೀಯಲ್ಲ ಎಂಬ ಆಸೆ ಇದನ್ನು ಬರೆಯುವಾಗಲೂ ನನ್ನಲ್ಲಿದೆ. ಆದರೂ ತೋರಿಸು, ಮಗಳೇ.

ಕಾಡಪ್ಪ ಯಲ್ಲಪ್ಪ ಮಾದರ