ಅಧ್ಯಕ್ಷರು ಒದೆಯದ ಪೆನಾಲ್ಟಿ

ಲೋ ಗೂಳಿ,

ನೀನು ಆಟ ಬಿಟ್ಟು ಹೋದ ಮೇಲೆ ನಿನ್ನ ಹೊಸ ವಿಳಾಸ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಇದನ್ನು ಅಂಚೆಗೆ ಹಾಕುತ್ತಿರಲಿಲ್ಲ. ಆದರೆ ಇವತ್ತಿನ ಸುದ್ದಿಯನ್ನು ನಿನಗೆ ಹೇಳದಿದ್ದರೆ ತಿಂದದ್ದು ಅರಗುವುದಿಲ್ಲ.

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು ತಾವೇ ಹಾಸಿಸಿದ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಬಿದ್ದರು.

ಈ ಹುಲ್ಲು ಆಟಗಾರರ ಮೊಣಕಾಲು ತಿನ್ನುತ್ತಿದೆ ಎಂದು ಪತ್ರಿಕೆಯವರು ಬರೆದಿದ್ದರು. ಅವರ ಬಾಯಿ ಮುಚ್ಚಿಸಲು ಮಹಾನುಭಾವರು ಕೋಟು ಟೈ ಸಮೇತ ಬೂಟು ಕಟ್ಟಿಕೊಂಡು ಪೆನಾಲ್ಟಿ ಒದೆಯಲು ಇಳಿದರು. ಓಡಿ ಬರುತ್ತಲೇ ಕ್ಯಾಮೆರಾದ ಕಡೆ ತಿರುಗಿ ಕೈ ಬೀಸಿದರು. ಮೈ ತಿರುಗಿತು, ಪಾದ ತಿರುಗಲಿಲ್ಲ. ಚೆಂಡು ಇಟ್ಟಲ್ಲೇ ಇತ್ತು, ಅಧ್ಯಕ್ಷರು ಮಾತ್ರ ಗೋಲಿನ ಕಡೆ ಉರುಳಿದರು.

ನಾಲ್ವರು ಹೊತ್ತು ತಂದು ನನ್ನ ಮಾಲೀಸಿನ ಮೇಜಿನ ಮೇಲೆ ಮಲಗಿಸಿದರು. ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು. ನಾನು ಐಸ್ ಒತ್ತುತ್ತಾ ಬಹಳ ವಿನಯದಿಂದ, "ಬೂಟು ಸರಿಯಾಗಿ ಕಟ್ಟಿರಲಿಲ್ವೇನೋ ಸಾರ್" ಎಂದೆ. ಇದೇ ಹುಲ್ಲಿನಲ್ಲಿ ನಿನ್ನ ಮೊಣಕಾಲು ಹೋದ ದಿನ ಇದೇ ಮೇಜಿನ ಪಕ್ಕ ನಿಂತು ಅವರು ಹೇಳಿದ್ದ ಮಾತದು.

"ಬೂಟಲ್ಲಯ್ಯಾ, ಆ ದರಿದ್ರ ಹುಲ್ಲು ಕಾಲು ಹಿಡ್ಕೊಂಡು ಬಿಡ್ಲೇ ಇಲ್ಲ" ಎಂದು ನರಳಿದರು. ಬಾಗಿಲಾಚೆ ಇಡೀ ತಂಡ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ಕೂತಿತ್ತು.

ಮುಂದಿನ ತಿಂಗಳು ನಿಜವಾದ ಹುಲ್ಲು ಬರುತ್ತದಂತೆ. ದೊಡ್ಡವರ ಮೊಣಕಾಲಿಗೆ ಅಷ್ಟು ಬೆಲೆ ನೋಡು.

ಎಲ್ಲರೂ ಹೋದ ಮೇಲೆ ಬೀಗ ಹಾಕಲು ಮೈದಾನಕ್ಕೆ ಹೋದೆ. ಚೆಂಡು ಇನ್ನೂ ಪೆನಾಲ್ಟಿ ಚುಕ್ಕಿಯ ಮೇಲೇ ಇತ್ತು. ಅಲ್ಲಿಂದ ನೀನು ಒಮ್ಮೆಯೂ ಗುರಿ ತಪ್ಪಿದವನಲ್ಲ. ಎತ್ತಿಡಲು ಬಗ್ಗಿದೆ, ಯಾಕೋ ಮನಸ್ಸಾಗಲಿಲ್ಲ. ಅಲ್ಲೇ ಬಿಟ್ಟು ಬಂದಿದ್ದೇನೆ.