ಅಲೆಯೆಂದು ಬರೆದ ದಿನ

ಬ್ರೆಸ್ಟ್,
ಏಪ್ರಿಲ್ ೧೬, ಬುಧವಾರ ಮಧ್ಯಾಹ್ನ

ಪ್ರೀತಿಯ ಗುಲ್ವೆನ್,

ಹೇಗಿದ್ದೀಯ? ಹೊರಡುವ ದಿನ ಹಿಡಿದುಕೊಂಡಿದ್ದ ಬೆನ್ನು ಬಿಟ್ಟಿತೇ? ನೀರಿನಡಿಯ ಜಲಾಂತರ್ಗಾಮಿಯಿಂದ ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆದು ಬರೆದು ಕೈಗೆ ಅಭ್ಯಾಸವಾಗಿಬಿಟ್ಟಿದೆ. ವಾರಕ್ಕೊಮ್ಮೆ ನಿನಗೆ ಕಳಿಸಲು ನೌಕಾಪಡೆಯ ಕಚೇರಿ ಕೊಡುವ ನಲವತ್ತು ಪದಗಳಲ್ಲಿ ಬೇರೇನೂ ದಾಟುವುದಿಲ್ಲ. ಕಳೆದ ವಾರ ‘ಅಜಿಲೀಜ್‌ಗೆ ಸ್ವಲ್ಪ ಜ್ವರ’ ಎಂದು ಬರೆದೆ. ಕಚೇರಿಯ ಹೆಂಗಸು ಫೋನು ಮಾಡಿ, “ಜ್ವರ ತೆಗೆದುಬಿಡ್ಲಾ ಮೇಡಂ? ಅಲ್ಲಿ ಕೂತ್ಕೊಂಡು ಅವರೇನ್ ಮಾಡ್ತಾರೆ ಹೇಳಿ” ಎಂದಳು. ಜ್ವರ ತೆಗೆದು ಆ ಜಾಗಕ್ಕೆ ಹಲ್ಲು ಹಾಕಿದೆವು. ಅದೇನೂ ಸುಳ್ಳಲ್ಲ. ಮಗಳಿಗೆ ಮೇಲಿನ ಎರಡು ಹಲ್ಲು ಬರುತ್ತಿವೆ, ಜ್ವರವೂ ಅದರದ್ದೇ, ನನ್ನ ನಿದ್ದೆ ಹೋಗಿರುವುದೂ ಅದರಿಂದಲೇ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೇನೆ. ಈಗ ಅವಳು ಮಲಗಿದ್ದಾಳೆ, ಕಾಲು ಮೇಲೆತ್ತಿಕೊಂಡು, ನೀನು ಮಲಗುವ ಹಾಗೆಯೇ.

ಈ ಕಾಗದ ಆ ಕಚೇರಿಗೆ ಹೋಗುವಂಥದ್ದಲ್ಲ, ಅಂಚೆಗೂ ಹಾಕುವಂಥದ್ದಲ್ಲ. ನಿನ್ನ ಉಣ್ಣೆ ಅಂಗಿಗಳ ಕೆಳಗೆ ಇಡುತ್ತೇನೆ. ಹೊರಡುವ ಮೊದಲು ನೀನು ಊಟದ ಮೇಜಿನ ಮುಂದೆ ಕೂತು ತುಂಬಿದ ಫಾರಂ ನೆನಪಿದೆಯಲ್ಲ? ಮನೆಯಲ್ಲಿ ಸಾವುನೋವಾದರೆ ತಿಳಿಸಬೇಕೇ, ಬೇಡವೇ ಎಂದು ಕೇಳುವುದು. ‘ಬೇಡ’ ಎಂಬಲ್ಲಿ ಗುರುತು ಹಾಕಿ, “ಹೇಳಿದ್ರೆ ನಾನೇನು ಕಿಟಕಿ ತೆಗೆದು ಹಾರ್ಬಿಡ್ತೀನಾ?” ಎಂದು ನೀನು ನಕ್ಕೆ. ನಾನೂ ನಕ್ಕೆ. ಆ ಗುರುತು ಈಗ ನನ್ನ ಬಾಯಿಗೇ ಬೀಗ ಹಾಕಿದಂತಾಗಿದೆ.

ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ನಾನು ಏನು ಮಾಡುತ್ತೇನೆಂದು ನೀನು ಕೇಳಿದವನಲ್ಲ. ಏನು ನೋಡಿಕೊಂಡು ಬೋಟಿನ ದಾರಿ ಹಿಡಿಯುತ್ತೀಯೆಂದು ನಾನೂ ಕೇಳಿಲ್ಲ. ಇಬ್ಬರಿಗೂ ಗೊತ್ತಿತ್ತು, ಅಷ್ಟೆ. ನೀರಿನೊಳಗೆ ಉಪಗ್ರಹದ ನೆರವಿಲ್ಲ. ಎಷ್ಟು ತಿರುಗಿದೆವು, ಎಷ್ಟು ಸಾಗಿದೆವು ಎಂದು ಚಲನೆಯ ಮಾಪಕಗಳು ಕೂಡಿಸುತ್ತಾ ಹೋಗುತ್ತವೆ. ಆ ಕೂಡಿಕೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ದಿನ ಕಳೆದಂತೆ ಮೈಲಿಗಟ್ಟಲೆ ಆಗುತ್ತದೆ. ಅದನ್ನು ತಿದ್ದುವುದಕ್ಕೇ ನಮ್ಮ ಗುರುತ್ವ ಮಾಪಕ. ತಳದಲ್ಲಿ ಬೆಟ್ಟವಿದ್ದರೆ ಭೂಮಿಯ ಸೆಳೆತ ಒಂದಿಷ್ಟೇ ಹೆಚ್ಚು, ಕಣಿವೆಯಿದ್ದರೆ ಕಡಿಮೆ. ನಕ್ಷೆಯ ಜೊತೆ ಹೋಲಿಸಿದರೆ ಎಲ್ಲಿದ್ದೇವೆಂದು ತಿಳಿಯುತ್ತದೆ. ಅದು ಎಂಥ ಸೂಕ್ಷ್ಮದ ವಸ್ತುವೆಂದರೆ, ಉಬ್ಬರಕ್ಕೆ ಕೊಲ್ಲಿ ತುಂಬಿಕೊಂಡರೆ ನಮ್ಮ ಕಲ್ಲುಕಂಬದ ಮೇಲಿನ ಮಾಪಕದ ಗೆರೆಯೂ ಬಾಗುತ್ತದೆ.

ನಮ್ಮಲ್ಲೊಂದು ಪದ್ಧತಿಯಿದೆ. ಗೆರೆ ಎಲ್ಲಾದರೂ ನಡುಗಿದರೆ ಪುಸ್ತಕದಲ್ಲಿ ಕಾರಣ ಬರೆಯಬೇಕು: ಲಾರಿ, ಲಿಫ್ಟು, ಎಲ್ಲೋ ದೂರದ ಭೂಕಂಪ, ಇಲ್ಲವೇ ಹೊರಗಿನ ಸಮುದ್ರದ ಅಲೆ. ಕಾರಣ ಬರೆದರೆ ಆ ತುಂಡನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಸಮ ಮಾಡಿ ಕೂಡಿಸಬಹುದು. ಕಾರಣ ಸಿಗದಿದ್ದರೆ ಕತ್ತರಿಸುವಂತಿಲ್ಲ. ಮಾಪಕವನ್ನೇ ಬಿಚ್ಚಿ ನೋಡಬೇಕು. ಮಾರ್ಚ್ ಮೂರರ ಮಧ್ಯಾಹ್ನ ಮೂರನೇ ನಂಬರಿನ ಮಾಪಕ ನಲವತ್ತು ನಿಮಿಷ ನಡುಗಿತು. ಅದಕ್ಕೆ ಹಿಂದಿನ ವಾರವೆಲ್ಲ ಬಿರುಗಾಳಿಯಿತ್ತು. ಮಗಳು ನಾಲ್ಕು ದಿನದಿಂದ ಕಣ್ಣು ಮುಚ್ಚಲು ಬಿಟ್ಟಿರಲಿಲ್ಲ. ಸಮುದ್ರದ ವರದಿ ತೆಗೆದು ನೋಡದೆ ‘ಅಲೆ’ ಎಂದು ಬರೆದೆ, ಕತ್ತರಿಸಿದೆ, ಕೂಡಿಸಿದೆ. ಮುಖ್ಯಸ್ಥರಾದ ಕೆರ್ವೆಲ್ಲಾ ಕೆಳಗೆ ರುಜು ಹಾಕಿದರು. ಹತ್ತು ದಿನ ಬಿಟ್ಟು ಮಾಪಕ ಪೆಟ್ಟಿಗೆಯಲ್ಲಿ ಹೊರಟಿತು. ಆ ತಿಂಗಳು ಸಮುದ್ರಕ್ಕಿಳಿದದ್ದು ನಿಮ್ಮ ಬೋಟೊಂದೇ.

ಮೊನ್ನೆ ಭಾನುವಾರ ಅತ್ತೆಯ ಮನೆಯಲ್ಲಿ ಊಟ. ಫ್ರೀಜರಿನಿಂದ ಚಿಪ್ಪಿನ ಮೀನು ತೆಗೆದು ಬೆಣ್ಣೆ, ಬೆಳ್ಳುಳ್ಳಿ ಹಾಕಿ ಬೇಯಿಸಿದ್ದರು. ನಾನು ಹೊಗಳಿದೆ. ಅದೇ ತಪ್ಪಾಯಿತು ನೋಡು. ಮಾರ್ಚಿನ ದೊಡ್ಡ ಇಳಿತದ ದಿನ ತಾವೇ ಕೆದಕಿ ತಂದದ್ದೆಂದು ಶುರುಮಾಡಿದವರು ನಿಲ್ಲಿಸಲೇ ಇಲ್ಲ. “ಮೂರನೇ ತಾರೀಕು, ಸೋಮವಾರ. ನಿಮ್ಮಾವನ ತಿಥಿ ಕಣೇ, ಮರೀತೀನಾ? ಬಿರುಗಾಳಿ ನಿಂತು ಸಮುದ್ರ ಹಾಲು ಬಗ್ಗಿಸಿದ ಹಾಗಿತ್ತು. ಮಧ್ಯಾಹ್ನ ಮೊಣಕಾಲ್ತನಕ ನೀರಲ್ಲಿ ನಿಂತಿದ್ದೆ, ಲಂಗದ ಅಂಚೂ ಒದ್ದೆಯಾಗ್ಲಿಲ್ಲ.” ನನ್ನ ಮುಖ ನೋಡಿ, “ಏನಾಯ್ತೇ, ಮರಳು ಸಿಕ್ತಾ ಬಾಯಿಗೆ?” ಎಂದರು. ಹೌದು ಅತ್ತೆ, ಮರಳೇ ಎಂದೆ.

ಸೋಮವಾರ ಬೆಳಿಗ್ಗೆ ಹೋಗಿ ವರದಿ ತೆಗೆದೆ. ಆ ದಿನ ಹೊರಸಮುದ್ರದಲ್ಲೂ ಅಲೆ ಅರ್ಧ ಮೀಟರಿಲ್ಲ. ಕತ್ತರಿಸಿಟ್ಟಿದ್ದ ತುಂಡನ್ನು ಮತ್ತೆ ಅದರ ಜಾಗದಲ್ಲಿಟ್ಟು ನೋಡಿದೆ. ನಡುಗಿ ನಿಂತ ಮೇಲೆ ಗೆರೆ ಹಳೆಯ ಮಟ್ಟಕ್ಕೆ ಇಳಿದೇ ಇಲ್ಲ, ಒಂದು ಮೆಟ್ಟಿಲು ಮೇಲೆ ಹೋಗಿ ಕೂತಿದೆ. ನಡುಕ ಮಾಪಕದ್ದೇ, ಗುಲ್ವೆನ್. ಅದನ್ನು ನಾನೇ ಕೈಯಾರೆ ನಯ ಮಾಡಿ ಮುಚ್ಚಿದ್ದೇನೆ. ಅಲ್ಲಿ ಇನ್ನೊಮ್ಮೆ ಹಾಗೆ ಹಾರಿದರೆ, ಸರಿಯಾಗಿರುವ ಲೆಕ್ಕವನ್ನೂ ಅದು ತಪ್ಪಿನ ಕಡೆಗೇ ತಿದ್ದುತ್ತದೆ, ಬೆಟ್ಟದ ಪಕ್ಕದಲ್ಲಿದ್ದೂ ಬಯಲಿನಲ್ಲಿದ್ದೇವೆಂದು ನೀವು ನಂಬುತ್ತೀರಿ.

ಕೆರ್ವೆಲ್ಲಾ ಅವರಿಗೆ ತೋರಿಸಿದೆ. ಮೊದಲು ತಮಾಷೆ ಮಾಡಿದರು: ಇನ್ನು ಮೇಲೆ ಸಮುದ್ರದ ವರದಿ ಬೇಡ, ನಿಮ್ಮತ್ತೆಯ ಲಂಗ ನೋಡಿದರೆ ಸಾಕು ಅಂತ. ಆಮೇಲೆ ಬಾಗಿಲು ಹಾಕಿ ತುಂಬ ಹೊತ್ತು ಮಾತಾಡಿದರು. ಒಂದೇ ಒಂದು ಸಲ ಆದದ್ದು, ಮತ್ತೆ ಆಗದೆಯೂ ಇರಬಹುದು. ಈಗ ನಾವು ದೂರು ಕೊಟ್ಟರೆ ಬೋಟಿಗೆ ಸಂದೇಶ ಹೋಗುತ್ತದೆ, ಮಾಪಕ ನಿಲ್ಲಿಸುತ್ತಾರೆ, ಆಮೇಲೆ ಎಲ್ಲಿದ್ದೇವೆಂದು ತಿಳಿಯಲು ಮೇಲಕ್ಕೆ ಬರಬೇಕಾಗುತ್ತದೆ. “ಮೇಲೆ ಬಂದ್ರೆ ಯಾರ ಕಣ್ಣಿಗೆ ಬೀಳ್ತಾರೋ ಗೊತ್ತಾ ನಿನಗೆ? ಮಾಪಕ ಚೆನ್ನಾಗಿಯೇ ಇದ್ರೆ? ಗಂಡನ ಕಣ್ಣು ನೀನೇ ಕಟ್ಟಿದ ಹಾಗಾಗತ್ತೆ.” ಅವರು ಕೆಟ್ಟವರಲ್ಲ. ನಿವೃತ್ತಿಗೆ ಐದು ತಿಂಗಳಿದೆ. ಗುರುವಾರದವರೆಗೆ ಯೋಚಿಸು ಎಂದು ಕಳಿಸಿದರು.

ಯೋಚಿಸಿದೆ. ಹೇಳಿದರೂ ನಿನಗೆ ಅಪಾಯ, ಹೇಳದಿದ್ದರೂ ನಿನಗೇ. ಯಾರನ್ನಾದರೂ ಕೇಳೋಣವೆಂದರೆ ಅತ್ತೆಯ ಹತ್ತಿರ ಬಾಯಿ ಬಿಡುವಂತಿಲ್ಲ. ನಾನು ತಕ್ಕಡಿ ರಿಪೇರಿ ಮಾಡುತ್ತೇನೆಂದು ಅವರು ಇಂದಿಗೂ ಬೀದಿಯವರಿಗೆಲ್ಲ ಹೇಳಿಕೊಂಡಿದ್ದಾರೆ. ಪಕ್ಕದ ಮನೆಯವಳು ‘ತುಂಬ ಸೊರಗಿದ್ದೀರಿ’ ಎಂದಾಗ ಹಲ್ಲು, ಹಲ್ಲು ಎನ್ನುತ್ತೇನೆ. ಉತ್ತರ ಗೊತ್ತಿರುವ ಒಬ್ಬನೇ ಮನುಷ್ಯ ನೀನು, ನೀನು ಇರುವುದು ಆ ಕೊಳವೆಯೊಳಗೆ. ನಾನೂ ಅಂಥದ್ದೇ ಒಂದರಲ್ಲಿದ್ದೇನೆ, ಕಿಟಕಿಯಿದೆ ಅಷ್ಟೆ.

ಮಗಳು ಏಳುತ್ತಿದ್ದಾಳೆ. ಬೆನ್ನಿಗೆ ಬಿಸಿ ಶಾಖ ಕೊಟ್ಟುಕೋ. ಅತ್ತೆ ಮುತ್ತು ಕಳಿಸಿದ್ದಾರೆ, ಸರಿಯಾಗಿ ಉಣ್ಣಲು ಹೇಳಿದ್ದಾರೆ. ನೀನು ಕ್ಷೇಮವಾಗಿ ಮೆಟ್ಟಿಲು ಹತ್ತಿ ಬರುವುದಷ್ಟೇ ನನಗೆ ಬೇಕಾದದ್ದು.

ನಿನ್ನ,
ರೋಜೆನ್

ಮತ್ತೆ, ಇದನ್ನು ಗುರುವಾರ ಹತ್ತು ಗಂಟೆಗೆ, ಗೇಟಿನ ಹೊರಗೆ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ದೂರು ಕೊಟ್ಟೆ. ಕೆರ್ವೆಲ್ಲಾ ರುಜು ಹಾಕಲಿಲ್ಲ, ನನ್ನದೊಂದೇ ಇದೆ. ಒಳಗೆ ಹೋಗುವ ಕಾರ್ಡು ತೆಗೆದುಕೊಂಡರು. ಇವತ್ತೇ ನಿಮ್ಮ ಬೋಟಿಗೆ ಎರಡು ಸಾಲು ಕಳಿಸುತ್ತಾರಂತೆ. ತಲುಪಿತೋ ಇಲ್ಲವೋ ನನಗೆ ಯಾರೂ ಹೇಳುವುದಿಲ್ಲ, ನೀವೂ ಮಾರುತ್ತರ ಕೊಡುವಂತಿಲ್ಲ. ಮೂರನೇ ನಂಬರನ್ನು ಮಾಡಿದವರು ಯಾರಪ್ಪಾ ಎಂದು ಅಲ್ಲಿ ಎಲ್ಲರೂ ಬೈದಿರುತ್ತೀರಿ, ನೀನೂ ದನಿಗೂಡಿಸಿದ್ದರೆ ಬೇಜಾರಿಲ್ಲ. ಅದನ್ನು ನಿಲ್ಲಿಸಿದಿರಿ ತಾನೇ? ಇದನ್ನು ಓದಿದ ಕೂಡಲೇ, ಮಗಳನ್ನು ಎತ್ತಿಕೊಳ್ಳುವ ಮೊದಲು, ನನ್ನ ಹತ್ತಿರ ಬಂದು ಅದೊಂದು ಹೇಳು.