ಹಿತ್ತಲ ಕೋಣೆಗೆ ಬಾರದ ಮೂರನೇ ವೈರ್

ಮಾನ್ಯ ವಿದ್ಯುತ್ ಪರಿವೀಕ್ಷಕರೇ,

ತಮ್ಮ ಹುದ್ದೆಯ ಹೆಸರಿನಲ್ಲೇ ಸುತ್ತಲೂ ನೋಡುವುದು ಎಂಬ ಅರ್ಥವಿದೆ. ನಮ್ಮ ಮನೆಗೆ ಬಂದಾಗ ತಾವು ನೋಡಿದ್ದು ಬಾಗಿಲ ಪಕ್ಕದ ಮೀಟರನ್ನು, ಆಮೇಲೆ ನಾನು ತಂದಿಟ್ಟ ಚಹಾ ಲೋಟವನ್ನು. ಹಿತ್ತಲಲ್ಲಿ ಮನೆಯಿಂದ ದೂರವಾಗಿ ಕಟ್ಟಿಸಿದ ಕೋಣೆಯ ಕಡೆ ತಲೆಯನ್ನೂ ಹಾಕಲಿಲ್ಲ. ಆದರೂ ಎಲ್ಲ ಕಡೆ ಅರ್ತಿಂಗ್ ತೃಪ್ತಿಕರವಾಗಿದೆ ಎಂದು ಸಹಿ ಹಾಕಿದಿರಿ. ಆ ತೃಪ್ತಿ ಯಾರದ್ದು ಎಂದು ಕೇಳಬೇಕಾಗಿದೆ. ನನ್ನ ತಂಗಿಯದ್ದಂತೂ ಅಲ್ಲ. ಅವಳು ಅದೇ ಕೋಣೆಯಲ್ಲಿ ಶಾಕ್ ಹೊಡೆಸಿಕೊಂಡು ಬಲಗೈಯ ಹಿಡಿತವನ್ನೇ ಕಳೆದುಕೊಂಡಿದ್ದಾಳೆ. ತಮಗೆ ಮೊದಲು ಗುಟ್ಟಾಗಿ ಬರೆದೆ. ಉತ್ತರವಿಲ್ಲ. ಈಗ ನಾಲ್ಕು ಜನಕ್ಕೆ ಕೇಳಿಸುವಂತೆ ಬರೆಯುತ್ತಿದ್ದೇನೆ.

ಕೂದಲು ಕತ್ತರಿಸುವುದು ತಂಗಿಯ ಕಸುಬು. ಚಿಕ್ಕವಳಿದ್ದಾಗ ನನ್ನ ಗೊಂಬೆಗಳಲ್ಲಿ ಒಂದರ ತಲೆಯನ್ನೂ ಬಿಟ್ಟವಳಲ್ಲ. ದೊಡ್ಡವಳಾದ ಮೇಲೆ ಕಸುಬು ಕಲಿತು, ಯಾರ್‍ಯಾರದೋ ಅಂಗಡಿಯಲ್ಲಿ ನಿಂತು ಕಾಲು ಸೋಲಿಸಿಕೊಂಡು, ಕೊನೆಗೆ ನಮ್ಮ ಹಿತ್ತಲಲ್ಲೇ ಸ್ವಂತದ್ದೊಂದು ಕೋಣೆ ಮಾಡಿಕೊಂಡಳು. ಗೋಡೆಯುದ್ದಕ್ಕೂ ಕನ್ನಡಿ, ತಿರುಗುವ ಕುರ್ಚಿ, ತಲೆ ತೊಳೆಯಲು ಸ್ಟೀಲ್ ಬೇಸಿನ್, ಅದರ ಮೇಲೆ ಗೀಸರ್. ಕೆಲವೇ ವಾರಗಳಲ್ಲಿ ಅವಳು ಒಂದು ಮಾತು ಹೇಳತೊಡಗಿದಳು: "ಅಕ್ಕ, ನಲ್ಲಿ ಮುಟ್ಟಿದ್ರೆ ಯಾಕೋ ಜುಮ್ ಅನ್ನುತ್ತೆ."

ನಾನು ತಮ್ಮ ಕಚೇರಿಗೆ ಫೋನ್ ಮಾಡಿದೆ. ಫೋನ್ ಎತ್ತಿದ ಮಹಾನುಭಾವರು ಹೇಳಿದ್ದು ಇದು: "ಒದ್ದೆ ಕೈಯಲ್ಲಿ ಮುಟ್ಟಿದ್ರೆ ಹಾಗೇ ಆಗೋದು ಮೇಡಂ. ಕೈ ಒರೆಸ್ಕೊಂಡು ಮುಟ್ಟೋಕೆ ಹೇಳಿ."

ದಿನವಿಡೀ ಜನರ ತಲೆ ತೊಳೆಯುವವಳಿಗೆ ಈ ಸಲಹೆ! ನೀರಿನ ನಲ್ಲಿಯನ್ನು ಒಣಗಿದ ಕೈಯಲ್ಲೇ ಮುಟ್ಟಬೇಕು ಎಂಬ ಜ್ಞಾನ ತಮ್ಮ ಇಲಾಖೆಗೆ ಯಾವ ವಿಶ್ವವಿದ್ಯಾಲಯದಿಂದ ಬಂತು ಸ್ವಾಮಿ? ಯಾರನ್ನಾದರೂ ಕಳಿಸಿ, ಪರೀಕ್ಷಿಸಿ ಎಂದು ಬೇಡಿಕೊಂಡರೆ, "ಯಾರಾದ್ರೂ ಬರ್ತಾರೆ" ಎಂದು ಫೋನ್ ಇಟ್ಟರು. ತಂಗಿ ಬೀಳುವ ತನಕ ಆ ಯಾರಾದರೂ ದಾರಿಯಲ್ಲೇ ಇದ್ದರು. ತಂಗಿ ತಾನೇ ಒಂದು ರಬ್ಬರ್ ಮ್ಯಾಟ್ ತಂದು ಬೇಸಿನ್ ಎದುರು ಹಾಸಿಕೊಂಡಳು.

ಅವತ್ತು ನೆಲ ಒರೆಸಲೆಂದು ಮ್ಯಾಟ್ ಎತ್ತಿಟ್ಟಿದ್ದಳು. ಎದುರುಮನೆಯ ಟೀಚರ್ ಕತ್ತಿಗೆ ಟವೆಲ್ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ನೀರು ಬೆಚ್ಚಗಿದೆಯೇ ನೋಡಲು ತಂಗಿ ಬರಿಗಾಲಲ್ಲಿ ನಿಂತು ನಲ್ಲಿ ತಿರುಗಿಸಿದಳು. ತಿರುಗಿಸಿದ ಕೈ ವಾಪಸ್ ಬರಲಿಲ್ಲ.

ಟೀಚರ್ ಕೂಗಿದ್ದು ಕೇಳಿ ನಾನು ಓಡಿದೆ. ತಂಗಿಯ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಟೀಚರ್ ಅವಳ ಭುಜಕ್ಕೆ ಕೈ ಚಾಚಿದ್ದರು. "ಮುಟ್ಟಬೇಡಿ!" ಎಂದು ಕಿರುಚಿ ಗೋಡೆ ನೋಡಿದೆ. ಗೀಸರಿನ ಸ್ವಿಚ್ ತಂಗಿಯ ಆಚೆಗಿತ್ತು, ಅವಳನ್ನು ಮುಟ್ಟದೆ ಕೈ ಹೋಗದು. ಆಫ್ ಮಾಡಲು ಮೇನ್ ಸ್ವಿಚ್ ಎಲ್ಲಿದೆ? ಆ ಕೋಣೆಗೆ ಅದರದ್ದೇ ಆದ ಮೇನ್ ಸ್ವಿಚ್ ಇರಲೇ ಇಲ್ಲ. ಹಿತ್ತಲು ದಾಟಿ, ಅಡುಗೆಮನೆ ದಾಟಿ, ಮುಂಬಾಗಿಲ ತನಕ ಓಡಬೇಕಿತ್ತು. ತಾವು ಚಹಾ ಕುಡಿದ ಜಾಗಕ್ಕೇ. ನಾನು ಸ್ವಿಚ್ ಎಳೆದ ಮೇಲೆ ಹಿಂದಿನಿಂದ ದೊಪ್ಪೆಂದು ಬಿದ್ದ ಸದ್ದು ಕೇಳಿಸಿತು. ಸತ್ತಳು ಎಂದುಕೊಂಡೆ. ಬದುಕಿದಳು. ಅದರಲ್ಲಿ ತಮ್ಮ ಪಾಲು ಏನೂ ಇಲ್ಲ.

ಆಮೇಲೆ ನನ್ನ ಗಂಡ ಅಲ್ಲಿನ ಪ್ಲಗ್ ಪಾಯಿಂಟ್ ಬಿಚ್ಚಿದರು. ಮುಂದೆ ಅಂದವಾಗಿ ಮೂರು ತೂತು, ಹಿಂದೆ ಎರಡೇ ವೈರ್. ಅರ್ತ್ ವೈರ್ ಮನೆಯಿಂದ ಹಿತ್ತಲಿಗೆ ಬಂದೇ ಇರಲಿಲ್ಲ, ಕೋಣೆಯ ಬಳಿ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ಗುಂಡಿಯೂ ಇರಲಿಲ್ಲ. ಗೀಸರಿನೊಳಗೆ ಏನೋ ಕೆಟ್ಟು ಕರೆಂಟು ಅದರ ಮೈಗೆ, ಪೈಪಿಗೆ, ನಲ್ಲಿಗೆ ಹರಿದಿತ್ತು. ಆ ವೈರ್ ಇದ್ದಿದ್ದರೆ ಕರೆಂಟು ಅದನ್ನು ಹಿಡಿದು ಹೋಗುತ್ತಿತ್ತು, ಫ್ಯೂಸ್ ಹಾರುತ್ತಿತ್ತು. ಇಲ್ಲದ್ದರಿಂದ ನನ್ನ ತಂಗಿಯನ್ನು ಹಿಡಿಯಿತು. ವೈರಿಂಗ್ ಮಾಡಿದವನನ್ನು ಕರೆಸಿ ಕೇಳಿದರೆ ಅವನಿಗೆ ನಾಚಿಕೆಯೂ ಇಲ್ಲ: "ಹಿಂದಿನ ರೂಮಿಗೆ ಯಾರು ಹಾಕ್ತಾರಕ್ಕ? ಸಾಹೇಬ್ರು ಅಲ್ಲಿವರೆಗೂ ಬರಲ್ಲ." ಅವನು ಕಳ್ಳ, ಒಪ್ಪುತ್ತೇನೆ. ಆದರೆ ತಮ್ಮ ಸೋಮಾರಿತನದ ಮೇಲೆ ಇಷ್ಟು ಭರವಸೆ ಇಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ.

ಕೊನೆಗೂ ತಾವು ಬಂದಿರಿ. ಬೂಟು ಹಾಕಿಕೊಂಡೇ ರಬ್ಬರ್ ಮ್ಯಾಟಿನ ಮೇಲೆ ನಿಂತು, ಮೇನ್ ಸ್ವಿಚ್ ಆಫ್ ಇರುವಾಗಲೇ, ಬೆರಳ ತುದಿಯಲ್ಲಿ ನಲ್ಲಿಯನ್ನು ಮುಟ್ಟಿ, "ಏನೂ ಇಲ್ವಲ್ಲಮ್ಮ" ಎಂದಿರಿ.

ಕೈಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದ ತಂಗಿ ಮೆಲ್ಲಗೆ ಹೇಳಿದಳು: "ಸಾರ್, ಸ್ವಿಚ್ ಹಾಕ್ತೀನಿ. ಬೂಟು ಬಿಚ್ಚಿ, ಕೆಳಗಿಳಿದು ಮುಟ್ಟಿ."

"ಅದೆಲ್ಲ ನಮ್ಮ ನಿಯಮದಲ್ಲಿ ಬರಲ್ಲ."

ಬರುವುದಿಲ್ಲ, ನಿಜ. ಅಳೆಯುವ ಮೀಟರ್ ತರುವುದು ಬರುತ್ತದೆ. ತಾವು ತಂದಿದ್ದು ಬೆರಳು. ಹೋಗುವಾಗ ಇನ್ನೊಂದು ಮುತ್ತು ಉದುರಿಸಿದಿರಿ: ಹಿತ್ತಲ ಕೋಣೆ ಮನೆಗೆ ಸೇರಿದ್ದಲ್ಲ, ಹಾಗಾಗಿ ತಮ್ಮ ಪರಿಶೀಲನೆಗೆ ಬರುವುದಿಲ್ಲ. ಸಹಿ ಹಾಕುವಾಗ ಮನೆಯೊಳಗಿದ್ದ ಕೋಣೆ, ಹೆಣ್ಣುಮಗಳೊಬ್ಬಳು ಬಿದ್ದ ಕೂಡಲೇ ಮನೆ ಬಿಟ್ಟು ಹೋಯಿತೇ?

ನಮ್ಮ ಕೋಣೆಯನ್ನು ನಾವೇ ಸರಿಮಾಡಿಸಿಕೊಂಡಿದ್ದೇವೆ. ನನ್ನ ಒತ್ತಾಯ ಉಳಿದವರ ಪರವಾಗಿ. ತಾವು ಸಹಿ ಹಾಕಿದ ಪ್ರತಿ ಮನೆಯ ಹಿಂದಕ್ಕೂ ಹೋಗಿ. ಕಾರು ನಿಲ್ಲಿಸುವ ಶೆಡ್ಡು, ಪಂಪು ಕೋಣೆ, ಬಟ್ಟೆ ಒಗೆಯುವ ಮನೆ, ಬಾಡಿಗೆಗೆ ಕೊಟ್ಟ ಒಂಟಿ ಕೋಣೆ, ಒಂದನ್ನೂ ಬಿಡಬೇಡಿ. ಅರ್ತ್ ವೈರ್ ತಲುಪಿದೆಯೇ, ಗುಂಡಿ ಇದೆಯೇ, ಅಲ್ಲೇ ಆಫ್ ಮಾಡಲು ಸ್ವಿಚ್ ಇದೆಯೇ, ಮೀಟರ್ ಹಿಡಿದು ನೋಡಿ. ಆಗದಿದ್ದರೆ 'ನಾನು ನೋಡಿಲ್ಲ' ಎಂದು ಬರೆದು ಸಹಿ ಹಾಕಿ. ಜನ ಕೊನೆಪಕ್ಷ ಹೆದರಿಕೊಂಡಾದರೂ ಬದುಕುತ್ತಾರೆ.

ಮೊನ್ನೆ ತಂಗಿ ಎಡಗೈಯಲ್ಲಿ ಕತ್ತರಿ ಹಿಡಿದಳು. ಕೂರಲು ಯಾರಿಗೂ ಧೈರ್ಯವಿಲ್ಲ, ನಾನು ಕೂತೆ. ಎಷ್ಟೋ ಹೊತ್ತು ಕತ್ತರಿಸಿ, ಕನ್ನಡಿಯಲ್ಲಿ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡವಾದ ನನ್ನ ಕೂದಲನ್ನು ನೋಡಿ ಅವಳ ಮುಖ ಸಣ್ಣದಾಯಿತು. "ಕೂದಲು ತಾನೇ, ಬೆಳೆಯುತ್ತೆ ಬಿಡೇ" ಎಂದೆ. ಅವಳು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡು, "ನಿನ್ನ ಕೂದಲು ಬೆಳೆಯುತ್ತೆ ಅಕ್ಕ" ಎಂದಳು.

ಇಂತಿ,
ಒಂದು ಕಿವಿ ಮುಚ್ಚಿ, ಇನ್ನೊಂದು ಪೂರ್ತಿ ತೆರೆದು, ತಮ್ಮ ಉತ್ತರಕ್ಕೆ ಕಾದಿರುವ
ಅವಳ ಅಕ್ಕ